ರಯ್ಯಾನ್ ಮರಳಿನ ಹಿಡಿತದ ಮಾಸ್ಟ್ರು

ಶುಕ್ರವಾರದ ಬೆಳಗು. ಬಾಂಗ್ ಕೂಗಿ ಸ್ವಲ್ಪ ಹೊತ್ತಾಗಿದೆ, ಬಿಸಿಲು ಇನ್ನೂ ಬಂದಿಲ್ಲ. ಕತಾರಿನ ಅಲ್ ರಯ್ಯಾನಿನ ಮನೆಗಳ ಸಾಲು ಮುಗಿದು ಬರೀ ಬಯಲು ಶುರುವಾಗುವಲ್ಲಿ ಒಂದು ಹಳೆಯ ಬಿಳಿ ಪಿಕಪ್ ಬಂದು ನಿಲ್ಲುತ್ತದೆ. ಅದರಿಂದ ಇಳಿಯುವವರಿಗೆ ಅರುವತ್ತು ತುಂಬುತ್ತಾ ಬಂದಿದೆ. ತಲೆಗೆ ಮಂಕಿ ಟೋಪಿ, ಮೈಗೆ ಕಂಪನಿಯ ನೀಲಿ ಜಾಕೆಟ್, ಕೆಳಗೆ ನೋಡಿದರೆ ಆಟದ ಚಡ್ಡಿ. ಜನವರಿಯ ಚಳಿಗೆ ಮೇಲಿನ ಅರ್ಧ ಮೈ ಹೆದರಿದೆ, ಕೆಳಗಿನ ಅರ್ಧಕ್ಕೆ ಅದರ ಪರಿವೆಯೇ ಇಲ್ಲ. ಹೆಗಲ ಮೇಲೆ ನಾಲ್ಕಾರು ಬೈರಾಸು. ಮಂಗಳೂರು ಕಡೆ ಮೈ ಒರೆಸಿಕೊಳ್ಳುವ ತೆಳು ಬಟ್ಟೆಗೆ ಹಾಗೆನ್ನುತ್ತಾರೆ.

ಚಪ್ಪಲಿಯನ್ನು ಗಾಡಿಯ ಪಕ್ಕದಲ್ಲೇ ಬಿಟ್ಟು ಅವರು ಬರಿಗಾಲಲ್ಲಿ ಅಂಕಣಕ್ಕೆ ಇಳಿಯುತ್ತಾರೆ. ಅಂಕಣ ಎಂದರೆ ಏನು ಮಹಾ, ಮರಳು ಹಾಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದ ಒಂದು ಚೌಕ. ಆ ಚೌಕದ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ, ಉಳುವವನು ಸಾಲು ಹಿಡಿದ ಹಾಗೆ ನಡೆಯುತ್ತಾರೆ. ಕಣ್ಣು ಕೆಳಗಿಲ್ಲ, ಎದುರಿಗೇ ಇದೆ. ಹುಡುಕುವುದೆಲ್ಲ ಅಂಗಾಲು. ಅಂಗಾಲಿಗೆ ಏನಾದರೂ ಚುಚ್ಚಿದರೆ ಬಗ್ಗುತ್ತಾರೆ, ಕಲ್ಲನ್ನು ಎತ್ತಿ ಜಾಕೆಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಮೊರದ ಮುಂದೆ ಕೂತು ಅಕ್ಕಿ ಆರಿಸುವವರಿಗೆ ಇರುವಷ್ಟೇ ಸಮಾಧಾನ. ಜೇಬು ತುಂಬಿದಾಗ ಗೆರೆಯಾಚೆಗೆ ಹೋಗಿ ಸುರಿದು ಬರುತ್ತಾರೆ. ಅಲ್ಲಿ ಒಂದು ಸಣ್ಣ ಗುಡ್ಡೆಯೇ ಆಗಿದೆ.

"ರೈಡರ್ ನಿಂತ್ಕೊಂಡೇ ಬರ್ತಾನೆ, ನಿಂತ್ಕೊಂಡೇ ಹೋಗ್ತಾನೆ. ನಮ್ಮ ಹುಡುಗರು ಬೀಳುವವರು. ಬೀಳುವವನಿಗೆ ನೆಲ ಚಂದ ಇರಬೇಕು ನೋಡಿ," ಎನ್ನುತ್ತಾರೆ ಕಜೆತಾನ್ ರೇಗೊ.

ಕತಾರಿನಲ್ಲಿ ಕಬಡ್ಡಿ ಆಡುವ ಕನ್ನಡದ ಹುಡುಗರೆಲ್ಲ ಅವರನ್ನು ಕರೆಯುವುದು 'ಹಿಡಿತದ ಮಾಸ್ಟ್ರು' ಎಂದು. ಎದುರು ತಂಡದವನು ಉಸಿರು ಕಟ್ಟಿ ಒಳಗೆ ನುಗ್ಗಿ ಬಂದಾಗ ಅವನನ್ನು ಹಿಡಿದು ಕೆಡಹುವ ವಿದ್ಯೆ ಅವರದು. ನುಗ್ಗುವ ವಿದ್ಯೆಯನ್ನು ಅವರು ಯಾರಿಗೂ ಕಲಿಸಿಲ್ಲ, ಕಲಿಸುವ ಆಸೆಯೂ ಇದ್ದಂತಿಲ್ಲ. ತಂಡಗಳು ಬದಲಾಗಿವೆ, ಅಂಗಿಯ ಬಣ್ಣಗಳು ಬದಲಾಗಿವೆ, ಇವರ ಕೆಲಸ ಮಾತ್ರ ಹಿಂದಿನ ಗೆರೆ ಬಿಟ್ಟು ಮುಂದೆ ಬಂದಿಲ್ಲ.

ಬಿಸಿಲು ಬರುವ ಹೊತ್ತಿಗೆ ಹುಡುಗರು ಒಬ್ಬೊಬ್ಬರಾಗಿ ಬರುತ್ತಾರೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಿಂದ ಒಂದು ವ್ಯಾನು, ಆಫೀಸಿನವರದ್ದು ಎರಡು ಕಾರು. ಹೆಸರಿಗೆ ಹುಡುಗರು, ಕೆಲವರ ತಲೆ ನೆರೆಯುತ್ತಿದೆ. 'ಸಂಗಾತಿ ಕಬಡ್ಡಿ ಬಳಗ' ಎಂದು ತಂಡದ ಹೆಸರು. ಮಾಸ್ಟ್ರು ಮೊದಲು ಮಾಡುವ ಕೆಲಸ, ಇಬ್ಬಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಅವರ ಮಣಿಕಟ್ಟುಗಳನ್ನು ಬೈರಾಸಿನಿಂದ ಕಟ್ಟುವುದು. ಎಡ ಮೂಲೆಯ ಮಾರಿಸನ ಬಲಗೈ, ಅವನ ಪಕ್ಕದ ಯತಿರಾಜನ ಎಡಗೈ. ಮಾರಿಸ್ ಶಿರ್ವದವನು, ಕ್ರೇನ್ ಓಡಿಸುತ್ತಾನೆ. ಯತಿರಾಜ್ ತುಮಕೂರಿನವನು, ಏಸಿ ಆಫೀಸಿನಲ್ಲಿ ಕೂತು ನಕ್ಷೆ ಬರೆಯುತ್ತಾನೆ. ಹೊರಗೆಲ್ಲೋ ಸಿಕ್ಕಿದ್ದರೆ ಪರಸ್ಪರ ಮುಖ ನೋಡಿಕೊಳ್ಳುವ ಕಾರಣವೇ ಇರಲಿಲ್ಲ. ಇಲ್ಲಿ ಬೆಳಗ್ಗೆಯ ಆಟ ಮುಗಿಯುವವರೆಗೆ ಈ ಗಂಟು ಬಿಚ್ಚುವಂತಿಲ್ಲ. ಓಡುವುದು, ಬೀಳುವುದು, ನೀರು ಕುಡಿಯುವುದು, ಎಲ್ಲವೂ ಜೋಡಿಯಲ್ಲೇ.

"ಮೇಷ್ಟ್ರೇ, ನನ್ ಹೆಂಡ್ತಿ ಸಂಜನಾ ಕೈನೂ ಇಷ್ಟೊತ್ತು ಹಿಡ್ಕೊಂಡಿಲ್ಲ ನಾನು," ಎನ್ನುತ್ತಾನೆ ಯತಿರಾಜ್.

"ಅದಕ್ಕೇ ಅವಳು ನಿನ್ನ ಕೈಗೆ ಸಿಕ್ಕುವುದಿಲ್ಲ," ಎಂದು ಮಾರಿಸ್.

"ಒಂದಕ್ಕೆ ಬಂದ್ರೆ ಏನ್ಮಾಡೋದು ಮೇಷ್ಟ್ರೇ?"

"ಇಬ್ಬರೂ ಹೋಗಿ," ಎನ್ನುತ್ತಾರೆ ಕಜೆತಾನ್, ನಗದೆ.

ಕೇಳಿದವರಿಗೆ ಅವರು ವಿವರಿಸುತ್ತಾರೆ. "ಒಬ್ಬ ಕಾಲು ಹಿಡಿದ ಅಂತ ರೈಡರ್ ಬೀಳುವುದಿಲ್ಲ. ಅವನು ಹಿಡಿದ ಅಂತ ಪಕ್ಕದವನಿಗೆ ಗೊತ್ತಾಗಬೇಕು. ಕಣ್ಣಿನಿಂದ ನೋಡಿ ಗೊತ್ತಾಗುವಾಗ ತಡ ಆಯ್ತು, ರೈಡರ್ ಗೆರೆ ಮುಟ್ಟಿ ಆಯ್ತು. ಕೈಯಿಂದ ಗೊತ್ತಾಗಬೇಕು. ಬಾಯಿ ಬಿಟ್ಟು ಹೇಳ್ಲಿಕ್ಕಾದ್ರೂ ಇಲ್ಲಿ ಉಂಟಾ? ತುಳುವಿನಲ್ಲಿ ಹೇಳಿದ್ರೆ ಎದುರಿನವನಿಗೆ ತುಳು ಬರ್ತದೆ, ಮಲಯಾಳದಲ್ಲಿ ಹೇಳಿದ್ರೆ ಮಲಯಾಳ ಬರ್ತದೆ."

ಈ ವಿದ್ಯೆ ಅವರಿಗೆ ಬಂದದ್ದೂ ಒಂದು ಕತೆ. ಕಿನ್ನಿಗೋಳಿಯ ಹತ್ತಿರದ ಅವರ ಊರಿನಲ್ಲಿ ಮಕ್ಕಳು ಕಬಡ್ಡಿಗೆ ಇಳಿದಾಗ ಎಲ್ಲರಿಗೂ ರೈಡರ್ ಆಗಬೇಕು. ಕಜೆತಾನ್ ಗಿಡ್ಡ, ಉಸಿರು ಸಾಲದು. ಹಾಗಾಗಿ ಯಾರಿಗೂ ಬೇಡವಾದ ಮೂಲೆಯಲ್ಲಿ ನಿಲ್ಲಿಸಿದರು. ನಿಂತವರು ಅಲ್ಲಿಯೇ ಬೇರು ಬಿಟ್ಟರು. ಮುಂದೆ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದು ಆಟಕ್ಕಾಗಿಯೇ ಇವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಹಗಲು ಹೆಂಚು ಜೋಡಿಸುವುದು, ಸಂಜೆ ಬಂದವರನ್ನು ಕೆಡಹುವುದು. ಎಂಬತ್ತರ ದಶಕದ ಆರಂಭದಲ್ಲಿ ಮುಂಬಯಿ ಕಡೆಯ ಮ್ಯಾನೇಜರೊಬ್ಬರು ದೋಹಾದ ತಮ್ಮ ಕಂಪನಿಗೆ ತಂಡ ಕಟ್ಟಲು ಹೊರಟಾಗ ಈ ಎಡ ಮೂಲೆಯವನನ್ನೇ ಕೇಳಿಕೊಂಡು ಬಂದರು. ಪಾಸ್‌ಪೋರ್ಟಿನಲ್ಲಿ ಸ್ಟೋರ್ ಕೀಪರ್. ನಿಜವಾದ ಕೆಲಸ ಮಾತ್ರ ಸ್ಟೋರಿನ ಹಿಂದಿನ ಖಾಲಿ ಜಾಗದಲ್ಲಿ, ಹುಡುಗರಿಗೆ ಬೀಳುವುದನ್ನು ಕಲಿಸುವುದು.

ಆ ಮ್ಯಾನೇಜರು ಊರಿಗೆ ಹೋದರು, ತಂಡವೂ ಹೋಯಿತು. ಸ್ಟೋರಿನ ಕೆಲಸ ಉಳಿಯಿತು. ಆಮೇಲೆ ಹೋಟೆಲಿನವರ ತಂಡ ಕರೆಯಿತು, ಅದಾದ ಮೇಲೆ ಮಲಯಾಳಿಗಳ ಒಂದು ಸಂಘ, ಆಮೇಲೆ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವವರದ್ದು. ಒಂದು ಚಳಿಗಾಲವಿಡೀ ಪ್ರತಿ ಶುಕ್ರವಾರ ದೇಶದ ಉತ್ತರ ತುದಿಯ ಅಲ್ ಶಮಾಲ್‌ವರೆಗೂ ಗಾಡಿ ಓಡಿಸಿಕೊಂಡು ಹೋಗಿ ಅಲ್ಲಿಯ ನಾಲ್ಕು ಜನ ಕೆಲಸಗಾರರಿಗೆ ಕಲಿಸಿದ್ದೂ ಇದೆ. ಎಲ್ಲಿ ಹೋದರೂ ಮುಖ್ಯ ಕೋಚ್ ಬೇರೆ ಯಾರೋ. ಇವರು ಹಿಡಿತಕ್ಕೆ. ಆ ಸಂಘದಲ್ಲಿ ಇವರಿಂದ ಕಲಿತವರೇ ಮರುವರ್ಷ ಈ ಸಂಘದಲ್ಲಿ ಇವರ ಎದುರು ಆಡುತ್ತಾರೆ. "ಹೆಣ್ಣು ಕೊಟ್ಟ ಮನೆಯೂ ನನ್ನದೇ, ತಂದ ಮನೆಯೂ ನನ್ನದೇ," ಎಂದು ನಗುತ್ತಾರೆ.

ಗೆದ್ದ ತಂಡಗಳ ಫೋಟೋ ಮಾತ್ರ ಕೇಳಬೇಡಿ. ಕಪ್ಪು ಹಿಡಿದು ಎಲ್ಲರೂ ನಿಲ್ಲುವ ಹೊತ್ತಿಗೆ ಇವರು ಅಂಕಣದಲ್ಲಿ ಬಿದ್ದ ಬೈರಾಸುಗಳನ್ನು ಹೆಕ್ಕುತ್ತಿರುತ್ತಾರೆ. ಒಂದೇ ಒಂದು ಫೋಟೋದ ಅಂಚಿನಲ್ಲಿ ಯಾರದೋ ಮೊಣಕೈ ಬಂದಿದೆ. "ಅದು ನನ್ನದೇ," ಎನ್ನುತ್ತಾರೆ ಕಜೆತಾನ್, ಖಡಾಖಂಡಿತವಾಗಿ.

ಅವರ ಹೆಂಡತಿ ಐವಿ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತಾರೆ. ಶುಕ್ರವಾರವೇ ಇಲ್ಲಿ ಭಾನುವಾರ. ಚರ್ಚಿನ ಪೂಜೆಗೆ ಬೆಳಿಗ್ಗೆ ಹೋಗುವ ಗಂಡ ತನಗೆ ಸಿಗಲಿಲ್ಲ ಎಂದು ಅವರ ದೂರು. "ಎರಡು ವರ್ಷದ ಹಿಂದೆ ಏಷ್ಯನ್ ಗೇಮ್ಸ್ ದೋಹಾಕ್ಕೆ ಬಂತಲ್ಲ, ಕಬಡ್ಡಿಗೆ ನನ್ನನ್ನೂ ಕರ್ಕೊಂಡು ಹೋದ್ರು. ಇಡೀ ಮ್ಯಾಚು ಬಾಯಿ ಬಿಟ್ಟು ನೋಡಿದ್ರು. ಹೊರಗೆ ಬಂದು, ಆ ಕೆಂಪು ಮುಖದ ರೈಡರ್ ಚಂದ ಆಡಿದ ಅಲ್ವಾ ಅಂತ ಕೇಳಿದ್ರೆ, ಯಾವ ರೈಡರ್ ಅಂತಾರೆ! ಇವರು ನೋಡಿದ್ದು ಬರೇ ಹಿಡಿಯುವವರ ಕೈಯನ್ನು."

ಹುಡುಗರಿಗೆಲ್ಲ ಅವರು ಐವಿ ಬಾಯಿ, ಕೊಂಕಣಿಯಲ್ಲಿ ಅಕ್ಕ ಎಂದ ಹಾಗೆ. ಅವರ ಹೆಸರು ಬಂದರೆ ಕೋರಿ ರೊಟ್ಟಿಯ ಕತೆ ಬಾರದೆ ಇರುವುದಿಲ್ಲ. ದೋಹಾದ ಕರಾವಳಿಯವರ ಯಾವ ಮದುವೆ, ನಾಮಕರಣಕ್ಕೆ ಹೋದರೂ ಇದು ಇನ್ನೂ ಓಡುತ್ತಿದೆ.

೨೦೦೩ರ ಚಳಿಗಾಲ. ಸಂಗಾತಿ ಬಳಗ ಮೊದಲ ಸಲ ಫೈನಲಿಗೆ ಬಂದಿತ್ತು. ಹುಡುಗರು ಪಾಪ, ಕ್ಯಾಂಪಿನ ಊಟ ತಿಂದು ನಾಲಗೆ ಸತ್ತವರು ಎಂದು ಐವಿ ಬಾಯಿ ಕೋಳಿ ಸಾರು ಮಾಡಿ, ಊರಿನಿಂದ ತರಿಸಿದ ಗರಿಗರಿ ರೊಟ್ಟಿಯ ಜೊತೆ ಪಂದ್ಯಕ್ಕೆ ಮುಂಚೆಯೇ ಬಡಿಸಿದರು. ತೆಂಗಿನ ಹಾಲಿನ ಸಾರು, ಮೇಲೆ ತೇಲುವ ಎಣ್ಣೆ. ಹುಡುಗರು ಬೆರಳು ನೆಕ್ಕಿ ತಿಂದರು. ಕೈ ತೊಳೆಯಲು ಹೋದರೆ ಆ ದಿನ ಟ್ಯಾಂಕಿನಲ್ಲಿ ನೀರಿಲ್ಲ. ಟಿಶ್ಯೂನಲ್ಲಿ ಒರೆಸಿಕೊಂಡು ಆಡಲು ಇಳಿದರು. ಅಂಕ ಸಮ ಸಮ ಇರುವಾಗ ಕೊನೆಯ ದಾಳಿಗೆ ಬಂದವನು ಎದುರು ತಂಡದ ಲ್ಯಾನ್ಸ್‌ಲಾಟ್, ಎಲ್ಲರ ಬಾಯಲ್ಲಿ ಲ್ಯಾನ್ಸಿ. ದೋಹಾದಲ್ಲಿ ಆಗ ಅವನಷ್ಟು ಹೆಸರಿನ ರೈಡರ್ ಇನ್ನೊಬ್ಬ ಇರಲಿಲ್ಲ. ಮಾರಿಸ್ ಅವನ ಕಾಲನ್ನು ಸರಿಯಾದ ಜಾಗದಲ್ಲೇ ಹಿಡಿದ. ಕಜೆತಾನ್ ಗೆರೆಯಾಚೆ ಕೈ ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಕಾಲು ಮೀನಿನ ಹಾಗೆ ಜಾರಿತು, ಲ್ಯಾನ್ಸಿ ಗೆರೆ ಮುಟ್ಟಿದ, ಕಪ್ಪು ಹೋಯಿತು.

ಮಾರಿಸ್ ತನ್ನ ಕೈಯನ್ನು ಮೂಸಿ ನೋಡಿದನಂತೆ. "ಮಾಸ್ಟ್ರೇ, ಕೋಳಿ ಸಾರು," ಎಂದನಂತೆ.

ಆ ದಿನದಿಂದ ಕಜೆತಾನ್ ಒಂದು ಕಾನೂನು ಮಾಡಿದರು. ಆಟಕ್ಕೆ ಮುಂಚೆ ಹಿಡಿತದವರಿಗೆ ಒಣ ಕುಬ್ಬೂಸ್, ಬೇಯಿಸಿದ ಮೊಟ್ಟೆ, ಅಷ್ಟೇ. ಕುಬ್ಬೂಸ್ ಅಂದರೆ ಇಲ್ಲಿಯ ಬೇಕರಿಗಳ ಅರಬಿ ರೊಟ್ಟಿ, ಆರಿದರೆ ರಟ್ಟು. ತಿಂದ ಮೇಲೆ ಸಾಬೂನಿನಲ್ಲಿ ಕೈ ತೊಳೆದು ಒಣ ಮರಳಿನಲ್ಲಿ ಉಜ್ಜಬೇಕು. ರೈಡರುಗಳು ಪಕ್ಕದಲ್ಲೇ ಕೂತು ಬೀಫ್ ಪರೋಟ ತಿನ್ನುತ್ತಾರೆ, ಇವರು ನೋಡುತ್ತಾ ಕುಬ್ಬೂಸ್ ಅಗಿಯುತ್ತಾರೆ. ಐವಿ ಬಾಯಿಯಂತೂ ಎಲ್ಲಿ ಕಂಡರೂ ಯಾರಾದರೊಬ್ಬರು, "ಬಾಯಿ, ಕೈ ತೊಳೀಲಿಕ್ಕೆ ನೀರುಂಟಾ?" ಎಂದು ಕೇಳದೆ ಬಿಡುವುದಿಲ್ಲ. ಅವರು ನಕ್ಕುಬಿಡುತ್ತಾರೆ. ಆದರೆ ಅಂದಿನಿಂದ ಅವರು ಕೋರಿ ರೊಟ್ಟಿ ಮಾಡಿಲ್ಲ, ಕ್ರಿಸ್ಮಸ್ಸಿಗೂ.

ಈಗ ವಿಷಯಕ್ಕೆ ಬರೋಣ. ಅರುವತ್ತು ತುಂಬಿದವರನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ. ಫೆಬ್ರವರಿ ಮುಗಿಯುವಾಗ ಕಜೆತಾನರ ವೀಸಾ ಮುಗಿಯುತ್ತದೆ. ಗಂಡ ಹೆಂಡತಿ ಇಬ್ಬರೂ ಊರಿಗೆ ಹೊರಡುವವರು. ಅದರ ಬೇಸರ ಅವರಿಗೆ ಅಷ್ಟಾಗಿಲ್ಲ. ಅವರನ್ನು ತಿನ್ನುತ್ತಿರುವುದು ಒಂದೇ: ಈ ಬೈರಾಸುಗಳನ್ನು ಯಾರ ಕೈಗೆ ಕೊಟ್ಟು ಹೋಗುವುದು?

ತಂಡದ ಮ್ಯಾನೇಜರ್ ಮುದ್ದುಕೃಷ್ಣ ಮೈಸೂರಿನವರು, ಒಂದು ದೊಡ್ಡ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾರೆ. ಒಳ್ಳೆಯ ಮನುಷ್ಯ, ತಂಡದ ವ್ಯಾನಿಗೆ ಡೀಸೆಲ್ ಅವರದೇ. ಜನವರಿಯ ಒಂದು ಶುಕ್ರವಾರ ಅವರು ಅಂಕಣದ ಬಳಿಯೇ ಮಾತು ತೆಗೆದರು.

"ಮೇಷ್ಟ್ರೇ, ರೈಡಿಂಗ್ ಕಲಿಸ್ತೀವಿ ಅಂತ ನಾಲ್ಕು ಜನ ಕ್ಯೂ ನಿಂತವ್ರೆ. ಹಿಡಿತಕ್ಕೆ ಅಂದ್ರೆ ಎಲ್ರೂ ಫೋನ್ ಬಂತು ಅಂತ ಎದ್ದೋಗ್ತಾರೆ. ನೀವು ಹೋದ್ಮೇಲೆ ಈ ಬೆಳಗಿನ ಪ್ರಾಕ್ಟೀಸ್ ನಿಲ್ಸಿಬಿಡೋಣ. ಎಲ್ರೂ ಒಟ್ಟಿಗೆ ಆಡ್ಲಿ, ಹಂಗೇ ಬಂದ್ಬಿಡುತ್ತೆ."

"ಹಾಗೆ ಬರುವುದಿಲ್ಲ ಸರ್."

"ಮತ್ತೆ ಯಾರಿದಾರೆ ಹೇಳಿ?"

ಕಜೆತಾನ್ ಆ ಕಡೆ ನೋಡಿದರು. ಗೆರೆಯಾಚೆ ಒಂದು ಜೀಪಿನ ಬಾನೆಟ್ಟಿನ ಮೇಲೆ ಗಟ್ಟಿ ಹಾಲಿನ ಕರಕ್ ಚಾಯದ ಲೋಟ ಹಿಡಿದು ಕೂತಿದ್ದವನು ಅದೇ ಲ್ಯಾನ್ಸಿ.

ಲ್ಯಾನ್ಸಿಗೆ ಈಗ ನಲವತ್ತರ ಹತ್ತಿರ. ಮೂರು ವರ್ಷದ ಹಿಂದೆ ಒಂದು ದಾಳಿಯಲ್ಲಿ ಮೊಣಕಾಲು ಹೋಯಿತು. ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ, ಶುಕ್ರವಾರ ರಜೆ. ಅವನ ಹಳೆಯ ತಂಡ ಮುಚ್ಚಿ ಹೋಗಿದೆ. ಆದರೂ ಕಾಲೆಳೆದುಕೊಂಡು ಇಲ್ಲಿಗೆ ಬಂದು, ಇವರ ಆಟ ನೋಡುತ್ತಾ, ರೈಡರುಗಳಿಗೆ ಕೂತಲ್ಲಿಂದಲೇ ಬುದ್ಧಿ ಹೇಳುತ್ತಾನೆ. ಹಿಡಿಯುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

"ಮಾಸ್ಟ್ರೇ, ನಿಮ್ಮವರು ನನ್ನ ಕಾಲು ಹಿಡೀಲಿಕ್ಕೆ ಬಂದು ನನ್ನ ನೆರಳು ಹಿಡ್ಕೊಂಡು ಹೋಗ್ತಿದ್ರು," ಎಂದು ಬಾನೆಟ್ಟಿನ ಮೇಲಿಂದಲೇ ಕೂಗುತ್ತಾನೆ.

ಕಜೆತಾನ್ ಅವನನ್ನು ಕೇಳಿದರು. ಅವರಿಬ್ಬರದ್ದೂ ಕೊಂಕಣಿ, ಆದರೂ ಹುಡುಗರೆಲ್ಲ ಕೇಳಿಸಿಕೊಳ್ಳಲಿ ಎಂದು ಕನ್ನಡದಲ್ಲೇ ಕೇಳಿದರು. ಲ್ಯಾನ್ಸಿ ಚಾಯ ಕೆಳಗಿಟ್ಟ.

"ನಾನಾ? ಹಿಡಿತಕ್ಕಾ? ಎಂತ ಮಾರಾಯ್ರೇ ನೀವು. ನನ್ನ ಜನ್ಮ ಇಡೀ ಇವರ ಕೈಯಿಂದ ತಪ್ಪಿಸ್ಕೊಂಡು ಓಡಿದವ ನಾನು."

"ಅದಕ್ಕೇ ಕೇಳಿದ್ದು."

"ಮಾಫಿ. ಆಗುವುದಿಲ್ಲ."

ಕಜೆತಾನ್ ಒತ್ತಾಯ ಮಾಡುವ ಜಾತಿಯವರಲ್ಲ. ಮೂಲೆಯಲ್ಲಿ ನಿಂತವನಿಗೆ ಗೊತ್ತಿರುವ ಮೊದಲ ಪಾಠವೇ ಕಾಯುವುದು. ಮುಂದೆ ನುಗ್ಗಿ ಹಿಡಿಯಹೋದರೆ ರೈಡರ್ ಮುಟ್ಟಿ ಹೋಗುತ್ತಾನೆ. ಅವನೇ ಒಂದು ಹೆಜ್ಜೆ ಹೆಚ್ಚು ಒಳಗೆ ಬರಬೇಕು. ಒಂದು ವಾರ ಸುಮ್ಮನಿದ್ದು ಮರುವಾರ ಬೇರೆ ದಾರಿ ಹಿಡಿದರು.

"ಕಲಿಸಬೇಡ ಮಾರಾಯ. ಒಂದು ದಿನ ಬಂದು ಸಿಕ್ಕಿಬೀಳು, ಸಾಕು. ಇವರಿಗೆ ಒಳ್ಳೆ ಕಾಲು ಹಿಡಿದು ಅಭ್ಯಾಸ ಇಲ್ಲ. ಓಡಬೇಡ, ನಡ್ಕೊಂಡೇ ಬಾ."

ಒಳ್ಳೆ ಕಾಲು ಎಂಬ ಮಾತು ಎಲ್ಲೋ ತಾಗಿರಬೇಕು. ಆ ಕಾಲಿಗೆ ಹಾಗೆಂದವರು ಮೂರು ವರ್ಷದಲ್ಲಿ ಯಾರೂ ಇರಲಿಲ್ಲ. ಲ್ಯಾನ್ಸಿ ಪ್ಯಾಂಟು ಮಡಚಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಇಳಿದ.

ಇಲ್ಲಿ ಆಟದ ಒಂದು ಕಟ್ಟಳೆಯನ್ನು ಹೇಳಬೇಕು. ಪ್ರತಿಯೊಬ್ಬ ಒಳ್ಳೆಯ ರೈಡರಿಗೂ ತನ್ನದೇ ಒಂದು 'ಜಾರು' ಇರುತ್ತದೆ, ಹಿಡಿದ ಕಾಲನ್ನು ಬಿಡಿಸಿಕೊಳ್ಳುವ ಉಪಾಯ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ. ತನ್ನ ತಂಡದವರಿಗೂ ಇಲ್ಲ, ಒಡಹುಟ್ಟಿದ ತಮ್ಮನಿಗೂ ಇಲ್ಲ. ಇಂದಿನ ಜೊತೆಗಾರ ನಾಳೆ ಎದುರಾಳಿ ಆಗುತ್ತಾನಲ್ಲ. ಕೇಳುವುದು ಕೂಡ ಮರ್ಯಾದೆಯಲ್ಲ. ಹೆಂಗಸಿನ ವಯಸ್ಸನ್ನು, ಬಾಣಸಿಗನ ಮಸಾಲೆಯನ್ನು ಕೇಳುತ್ತಾರೆಯೇ, ಹಾಗೆ.

ಲ್ಯಾನ್ಸಿ ಉಸಿರು ಕಟ್ಟಿ, "ಕಬಡ್ಡಿ ಕಬಡ್ಡಿ" ಎನ್ನುತ್ತಾ ಕುಂಟುತ್ತಲೇ ಒಳಗೆ ಬಂದ. ಬೈರಾಸಿನಲ್ಲಿ ಕಟ್ಟಿಕೊಂಡ ಮಾರಿಸ್ ಮತ್ತು ಯತಿರಾಜ್ ಎಡ ಮೂಲೆಯಲ್ಲಿ ಬಗ್ಗಿ ನಿಂತಿದ್ದರು. ಲ್ಯಾನ್ಸಿ ತಿರುಗಿದ. ಮಾರಿಸನ ಖಾಲಿ ಎಡಗೈ ಮುಂದೆ ಹೋಗಿ ಹಿಮ್ಮಡಿಯ ಮೇಲ್ಗಡೆ ಬಿಗಿಯಿತು. ಆರು ವರ್ಷದ ಹಿಂದೆ ಹಿಡಿದ ಜಾಗವೇ. ಮರುಕ್ಷಣ ಆ ಕೈ ಖಾಲಿ. ಲ್ಯಾನ್ಸಿ ಕುಂಟುತ್ತಾ ಗೆರೆಯತ್ತ ನಡೆಯುತ್ತಿದ್ದ.

ಮಾರಿಸ್ ತನ್ನ ಅಂಗೈಯನ್ನು ತಿರುಗಿಸಿ ನೋಡಿದ. ಮರಳು ಹತ್ತಿದ ಒಣ ಕೈ.

"ಮಾಸ್ಟ್ರೇ," ಎಂದ ಮೆಲ್ಲಗೆ. "ಇವತ್ತು ನಾನು ತಿಂದದ್ದು ಕುಬ್ಬೂಸ್."

"ಇನ್ನೊಮ್ಮೆ ಬಾ ಲ್ಯಾನ್ಸಿ," ಎಂದರು ಕಜೆತಾನ್.

ಇನ್ನೊಮ್ಮೆ ಬಂದ. ಇನ್ನೊಮ್ಮೆ ಜಾರಿತು. ಕಾಲಿಗೆ ಅಭ್ಯಾಸವಾಗಿ ಹೋಗಿತ್ತು, ತಡೆದುಕೊಳ್ಳಬೇಕೆಂದರೂ ಲ್ಯಾನ್ಸಿಗೆ ಆಗಲಿಲ್ಲ. ಅಷ್ಟರಲ್ಲಿ ಪಿಕಪ್ಪಿನ ಹಿಂದೆ ಕೂತು ಮೊಟ್ಟೆ ಸುಲಿಯುತ್ತಿದ್ದ ಐವಿ ಬಾಯಿ ಎದ್ದು ಬಂದರು. ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ.

"ಲ್ಯಾನ್ಸಿ, ಇಲ್ಲಿ ಬಾ. ನನ್ನ ಮುಖ ನೋಡು. ಆ ಫೈನಲಿನ ದಿನವೂ ಹೀಗೆಯಾ?"

ಲ್ಯಾನ್ಸಿ ಮುಖ ನೋಡಲಿಲ್ಲ, ಮರಳು ನೋಡಿದ.

"ಹೌದು ಬಾಯಿ. ಎಣ್ಣೆ ಇರಲಿ ಇಲ್ಲದಿರಲಿ, ನಾನು ಹೋಗ್ತಿದ್ದೆ."

"ಮತ್ತೆ ಇಷ್ಟು ವರ್ಷ ಎಲ್ಲರೂ ನನ್ನ ಸಾರಿನ ಮೇಲೆ ಹೊರಿಸುವಾಗ ನಿನಗೆ ಬಾಯಿ ಬಿದ್ದು ಹೋಗಿತ್ತಾ? ನಮ್ಮ ಕ್ಲಿನಿಕ್ಕಿನ ಸ್ಟೆಲ್ಲಳ ಮಗುವಿನ ನಾಮಕರಣದಲ್ಲಿ ಪಾದ್ರಿಗಳ ಎದುರು ಕೇಳಿದ್ರು ನೀರುಂಟಾ ಅಂತ! ಅಲ್ಲಿ ನೀನೂ ನಗಾಡಿದ್ದಿ!"

"ಹೇಳಿದ್ರೆ ಜಾರು ಗೊತ್ತಾಗ್ತಿತ್ತಲ್ಲ ಬಾಯಿ. ಕೋರಿ ರೊಟ್ಟಿ ಅಂತ ಎಲ್ಲರೂ ನಂಬಿದ್ರು. ನನಗೆ ಅದು ಒಳ್ಳೆದೇ ಆಯ್ತು."

"ಕಾಲು ಹೋದ ಮೇಲಾದ್ರೂ ಹೇಳಬಹುದಿತ್ತು."

ಲ್ಯಾನ್ಸಿ ಮೊಣಕಾಲಿನ ಪಟ್ಟಿಯನ್ನು ಎಳೆದು ಸರಿಮಾಡಿಕೊಂಡ. "ಕಾಲು ಹೋಯ್ತು. ಉಳಿದದ್ದು ಅದೊಂದೇ," ಎಂದ.

ಐವಿ ಬಾಯಿಯ ಕೋಪ ಅಲ್ಲೇ ಇಳಿಯಿತು. ಮೊಟ್ಟೆಯ ಉಳಿದ ಸಿಪ್ಪೆ ತೆಗೆದು ಅವನ ಕೈಗಿಟ್ಟರು. ತಿಂದ. ಆದರೆ ಗಂಡನ ಕಡೆ ತಿರುಗಿದಾಗ ದನಿ ಮತ್ತೆ ಏರಿತು. "ನಿಮ್ಮ ಕುಬ್ಬೂಸ್ ಇವತ್ತಿಗೆ ಖಲಾಸ್. ಬರುವ ಶುಕ್ರವಾರ ನಾನು ಕೋಳಿ ಸಾರು ಮಾಡುವವಳೇ."

"ಆಟ ಆದ ಮೇಲೆ," ಎಂದರು ಕಜೆತಾನ್. "ಜಾರು ಒಂದು ವಿಷಯ. ಎಣ್ಣೆ ಇನ್ನೊಂದು ವಿಷಯ."

ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಕಜೆತಾನ್ ಮಾತ್ರ ನಗಲಿಲ್ಲ. ಅವರ ಕಣ್ಣು ಲ್ಯಾನ್ಸಿಯ ಹಿಮ್ಮಡಿಯ ಮೇಲೇ ಇತ್ತು. ನಲವತ್ತು ವರ್ಷ ಕಾಲು ಹಿಡಿಯುವುದನ್ನು ಬಲ್ಲವರು, ಕಣ್ಣೆದುರು ಎರಡು ಸಲ ನೋಡಿಯೂ ಅವರಿಗೆ ಅದು ಹೇಗೆ ಜಾರಿತೆಂದು ತಿಳಿದಿರಲಿಲ್ಲ. ತಿಳಿಯಬೇಕೆಂಬ ಆಸೆ ಮುಖದ ಮೇಲೆಲ್ಲ ಇತ್ತು. ಆದರೆ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲವಲ್ಲ. ಬಗ್ಗಿ, ಮಾರಿಸ್ ಮತ್ತು ಯತಿರಾಜರ ನಡುವೆ ಸಡಿಲವಾಗಿದ್ದ ಬೈರಾಸನ್ನು ಮತ್ತೆ ಬಿಗಿ ಮಾಡುತ್ತಾ ನಿಂತರು. ಆ ಗಂಟಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಲ್ಯಾನ್ಸಿ ಬಾನೆಟ್ಟಿನವರೆಗೆ ಹೋದ. ಆರಿದ ಚಾಯವನ್ನು ಒಂದೇ ಗುಟುಕಿಗೆ ಕುಡಿದ. ಹೊರಟೇ ಹೋಗುತ್ತಾನೆ ಎಂದುಕೊಂಡರು ಎಲ್ಲರೂ. ಲೋಟವನ್ನು ಒಳಗಿಟ್ಟು ತಿರುಗಿ ಬಂದ. ಮರಳಿನ ಮೇಲೆ ಕೂತು ಕಾಲು ಚಾಚಿದ.

"ಮಾರಿಸ್, ಹಿಡಿ. ಗಟ್ಟಿ ಹಿಡಿ ಮಾರಾಯ, ಪಾದ ತೊಳೀಲಿಕ್ಕೆ ಬಂದದ್ದಲ್ಲ ನೀನು. ಹಾಂ. ಈಗ ನೋಡು. ಎಲ್ಲರೂ ಹಿಡಿದ ಕೂಡಲೇ ಕಾಲು ಎಳೀತಾರೆ. ಎಳೆದಷ್ಟೂ ನಿನ್ನ ಕೈ ಬಿಗಿ ಆಗ್ತದೆ. ನಾನು ಎಳೆಯುವುದಿಲ್ಲ. ಮೊದಲು ನಿನ್ನ ಕಡೆಗೇ ತಳ್ತೇನೆ. ನಿನ್ನ ಹೆಬ್ಬೆರಳು ಸಡಿಲ ಆಯ್ತಾ? ಆಯ್ತಲ್ಲ? ಆ ಸಂದಿಯಲ್ಲಿ ಹಿಮ್ಮಡಿ ತಿರುಗಿಸಿದ್ರೆ ಮುಗೀತು."

ಮಾರಿಸನ ಕೈ ಖಾಲಿ.

"ಹಾಗಾದ್ರೆ ಹಿಡಿದವ ಎಂತ ಮಾಡಬೇಕು?" ಕಜೆತಾನ್ ಈಗ ಅವನ ಪಕ್ಕದಲ್ಲಿ ಮೊಣಕಾಲೂರಿದ್ದರು. ಮಂಕಿ ಟೋಪಿ ಎಲ್ಲೋ ಬಿದ್ದಿತ್ತು.

"ನನ್ನನ್ನು ಎಂತ ಕೇಳುವುದು? ನಾನು ತಪ್ಪಿಸ್ಕೊಳ್ಳುವವ."

"ತಪ್ಪಿಸ್ಕೊಳ್ಳುವವನಿಗೆ ಯಾವುದರ ಹೆದರಿಕೆ, ಅದನ್ನು ಹೇಳು."

ಲ್ಯಾನ್ಸಿ ಯೋಚಿಸಿದ. "ನಾನು ತಳ್ಳುವಾಗ ಇವನು ಎದುರು ಒತ್ತದೆ, ಹಿಂದೆ ಸರಿದು ನನ್ನ ಪಾದದ ಮೇಲೆಯೇ ಎದೆ ಹಾಕಿ ಬಿದ್ರೆ ನನ್ನ ಕತೆ ಮುಗೀತು. ಅಷ್ಟರಲ್ಲಿ ಪಕ್ಕದವ ಸೊಂಟಕ್ಕೆ ಬಂದಿರಬೇಕು. ಆದ್ರೆ ಪಕ್ಕದವನಿಗೆ ಅದು ಗೊತ್ತಾಗುವುದು ಹೇಗೆ..." ಎನ್ನುತ್ತಾ ಅವನ ಕಣ್ಣು ಆ ಇಬ್ಬರ ಮಣಿಕಟ್ಟಿನ ಗಂಟಿನ ಮೇಲೆ ಬಿತ್ತು.

ಆ ಬೆಳಿಗ್ಗೆ ಬಿಸಿಲು ಚುರುಗುಟ್ಟುವವರೆಗೂ ಲ್ಯಾನ್ಸಿ ಸಿಕ್ಕಿಬೀಳುತ್ತಲೇ ಇದ್ದ. "ಅಲ್ಲ ಮಾರಾಯ, ಹೀಗೆ," "ಯತಿರಾಜ, ನಿನ್ನ ಭುಜ ಎಲ್ಲಿಟ್ಟಿ, ಆಫೀಸಿನಲ್ಲಾ?" ಎಂದು ಅವನದೇ ದನಿ ಜೋರು. ಕೊನೆಗೆ ಇಬ್ಬರೂ ಸೇರಿ ಅವನನ್ನು ನಿಜಕ್ಕೂ ಕೆಡವಿದಾಗ ಮರಳಿನಲ್ಲಿ ಅಂಗಾತ ಬಿದ್ದು, "ಹೋ, ಸತ್ತೆ!" ಎಂದು ನಕ್ಕ. ಕಜೆತಾನ್ ಹೆಗಲ ಮೇಲಿನ ಒಂದು ಬೈರಾಸನ್ನು ತೆಗೆದು ಅವನತ್ತ ಚಾಚಿದರು. ಮೈ ಒರೆಸಿಕೊಳ್ಳಲಿಕ್ಕೋ, ಇನ್ನೊಂದಕ್ಕೋ, ಅವರು ಹೇಳಲಿಲ್ಲ. ಲ್ಯಾನ್ಸಿ ಮುಖ ಒರೆಸಿಕೊಂಡು ವಾಪಸು ಕೊಟ್ಟ.

"ಅದೆಲ್ಲ ಬೇಡ ಮಾಸ್ಟ್ರೇ. ನಾನು ಬರೇ ತೋರಿಸಿದ್ದು," ಎಂದು ಜೀಪು ಹತ್ತಿದ.

ಆ ವಾರವಿಡೀ ಕಜೆತಾನ್ ಲ್ಯಾನ್ಸಿಯ ಸುದ್ದಿಯನ್ನೇ ಎತ್ತಲಿಲ್ಲ ಎನ್ನುತ್ತಾರೆ ಐವಿ ಬಾಯಿ. ಸ್ಟೋರಿಗೆ ಹೋದರು, ಬಂದರು. ಊರಿಗೆ ಕಳಿಸುವ ಪೆಟ್ಟಿಗೆಗಳಿಗೆ ಹಗ್ಗ ಬಿಗಿದರು. ಗುರುವಾರ ಸಂಜೆ ಬೈರಾಸುಗಳನ್ನೆಲ್ಲ ಒಗೆದು ಹರವಿದರು, ಒಣಗಿದ ಮೇಲೆ ಮಡಚಿದರು. ಪೆಟ್ಟಿಗೆಗೆ ಹಾಕುತ್ತಾರೋ ಎಂದು ಐವಿ ಬಾಯಿ ನೋಡುತ್ತಲೇ ಇದ್ದರು. ಹಾಕಲಿಲ್ಲ, ಬಾಗಿಲ ಹತ್ತಿರದ ಕುರ್ಚಿಯ ಮೇಲೆ ಇಟ್ಟರು.

"ಈ ವಿದ್ಯೆ ಇನ್ನೊಬ್ಬರ ಕೈಯಲ್ಲಿ ಮುಂದುವರಿಯಬೇಕು ಅಂತ ಆಸೆ ಇಲ್ವಾ?" ಎಂದು ಕೇಳಿದರೆ ಕಜೆತಾನ್ ತಲೆ ಕೆರೆದುಕೊಳ್ಳುತ್ತಾರೆ. "ದೊಡ್ಡ ಆಸೆ ಎಂತದೂ ಇಲ್ಲ. ಕಪ್ಪು ಗೆಲ್ಲಲಿ ಬಿಡಲಿ. ನಾನು ಹೋದ ಮೇಲೆಯೂ ಶುಕ್ರವಾರ ಬೆಳಿಗ್ಗೆ ಯಾರಾದ್ರೂ ಒಬ್ಬ ಬಂದು ಈ ಕಲ್ಲು ಹೆಕ್ಕಬೇಕು. ಅಷ್ಟೇ. ಹುಡುಗರು ಬೀಳುವವರಲ್ವಾ."

ಫೆಬ್ರವರಿಯ ಈ ಶುಕ್ರವಾರ ಪಿಕಪ್ಪಿನ ಹಿಂದೆ ದೊಡ್ಡದೊಂದು ಪಾತ್ರೆ ಕೂತಿದೆ, ಬಾಯಿಗೆ ಬಟ್ಟೆ ಕಟ್ಟಿದೆ. ಕೋಳಿ ಸಾರಿನ ಘಮ ಗಾಡಿಯ ತುಂಬ. ಆಟ ಮುಗಿಯುವವರೆಗೆ ಮುಟ್ಟುವಂತಿಲ್ಲ ಎಂದು ಗಂಡನೂ, ಮುಟ್ಟಿದರೆ ಏನಾಗುತ್ತದೆ ನೋಡೋಣ ಎಂದು ಹೆಂಡತಿಯೂ ದಾರಿಯುದ್ದಕ್ಕೂ ವಾದ ಮಾಡಿಕೊಂಡು ಬಂದಿದ್ದಾರೆ. ಅಂಕಣದ ತಿರುವಿಗೆ ಬಂದಾಗ ಕಜೆತಾನ್ ಬ್ರೇಕ್ ಒತ್ತುತ್ತಾರೆ.

ಗೆರೆಯಾಚೆ ಆಗಲೇ ಒಂದು ಜೀಪು ನಿಂತಿದೆ. ದೀಪ ಉರಿಯುತ್ತಿದೆ, ಬಾನೆಟ್ಟಿನ ಮೇಲೆ ಯಾರೂ ಇಲ್ಲ. ಆ ಬೆಳಕಿನಲ್ಲಿ ಒಬ್ಬ ಮನುಷ್ಯ ಬರಿಗಾಲಲ್ಲಿ ಮರಳಿನ ಮೇಲೆ ಕುಂಟುತ್ತಾ ಹೋಗುತ್ತಿದ್ದಾನೆ, ಬರುತ್ತಿದ್ದಾನೆ, ನಡುನಡುವೆ ಬಗ್ಗುತ್ತಿದ್ದಾನೆ. ಬಗ್ಗುವಾಗ ಮೊಣಕಾಲು ಮಡಚಲಾರದೆ ಒಂದು ಕಾಲನ್ನು ಪಕ್ಕಕ್ಕೆ ಚಾಚುತ್ತಾನೆ. ಹೊರಗಿನ ಕಲ್ಲಿನ ಗುಡ್ಡೆ ಕಳೆದ ವಾರಕ್ಕಿಂತ ದೊಡ್ಡದಾಗಿದೆ.

ಕಜೆತಾನ್ ಇಳಿಯುತ್ತಾರೆ. ಒಗೆದು ಮಡಚಿದ ಬೈರಾಸುಗಳನ್ನು ಜೀಪಿನ ಬಾನೆಟ್ಟಿನ ಮೇಲೆ ಇಡುತ್ತಾರೆ. ಲ್ಯಾನ್ಸಿ ನೋಡುತ್ತಾನೆ. ಬಂದು ಅವುಗಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, ವ್ಯಾನು ಬರುತ್ತಿದೆಯೇ ಎಂದು ರಸ್ತೆಯ ಕಡೆ ಹೋಗುತ್ತಾನೆ.

ಅವನು ಅತ್ತ ಹೋಗುವುದನ್ನೇ ಕಾಯುತ್ತಿದ್ದವರ ಹಾಗೆ ಕಜೆತಾನ್ ಚಪ್ಪಲಿ ಬಿಡುತ್ತಾರೆ. ಅಂಕಣದ ಆ ತುದಿಗೆ ಒಂದು ಸಾಲು, ಈ ತುದಿಗೆ ಒಂದು ಸಾಲು. ಎಡ ಮೂಲೆಗೆ ಬಂದಾಗ ಹೆಜ್ಜೆ ನಿಲ್ಲುತ್ತದೆ. ಬಗ್ಗಿ, ಹುಣಸೆ ಬೀಜದಷ್ಟು ಸಣ್ಣ ಕಲ್ಲೊಂದನ್ನು ಎತ್ತಿಕೊಳ್ಳುತ್ತಾರೆ. ಗುಡ್ಡೆಗೆ ಎಸೆಯುವುದಿಲ್ಲ. ಬೆರಳಲ್ಲಿ ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು, ಗಾಡಿಯ ಹತ್ತಿರ ನಿಂತ ಹೆಂಡತಿಯ ಬಳಿಗೆ ಬರುತ್ತಾರೆ.

"ಒಂದು ಬಿಟ್ಟಿದ್ದಾನೆ," ಎನ್ನುತ್ತಾರೆ, ಮುಖವೆಲ್ಲ ಅರಳಿಸಿಕೊಂಡು. "ಪರವಾಗಿಲ್ಲ. ಕಲೀತಾನೆ."